ಯಾರದೋ ತಾತನ ಸ್ವೆಟರ್

ಕೊರೊನಾ ಗಲಾಟೆ ಮುಗಿದು, ಜನ ಮುಖಕ್ಕೆ ಕಟ್ಟಿಕೊಂಡಿದ್ದ ಮಾಸ್ಕ್ ಬಿಚ್ಚಿ ಓಡಾಡತೊಡಗಿದ ಮೊದಲ ಚಳಿಗಾಲ ಅದು. ನನ್ನ ಮಗಳು ಸವಿತಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ನಮ್ಮದು ಬೂದಿಕೋಟೆ ಹತ್ತಿರದ ಒಂದು ಹಳ್ಳಿ. ಎರಡು ಸೀಮೆಹಸು, ಒಂದಿಷ್ಟು ರಾಗಿ, ಟೊಮೆಟೊ, ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವುದು, ಇಷ್ಟೇ ನಮ್ಮ ಸಂಸಾರದ ಓಡಾಟ.

ಇದರ ಜೊತೆಗೆ ನನಗೊಂದು ಹುಚ್ಚಿದೆ. ಯಾರೋ ಹಾಕಿ ಬಿಟ್ಟ ಸ್ವೆಟರುಗಳನ್ನು ತಂದು, ಬಿಚ್ಚಿ, ಆ ಉಲ್ಲನ್ನಿನಿಂದ ಬೇರೆಯದು ಹೆಣೆಯುವುದು. ಹೈಸ್ಕೂಲಿನಲ್ಲಿ ಟೀಚರೊಬ್ಬರು ಕಲಿಸಿದ ಹೆಣಿಗೆ ಮದುವೆಯಾಗಿ ಸೆಗಣಿ ಬಾಚುವ ಕೈಯಾದ ಮೇಲೂ ಮರೆತುಹೋಗಲಿಲ್ಲ. ಅಂಗಡಿಯ ಹೊಸ ಉಲ್ಲನ್ ನೋಡಲು ಚೆಂದ, ಆದರೆ ಮೈಗೆ ಚುಚ್ಚುತ್ತದೆ. ಎಷ್ಟೋ ಚಳಿಗಾಲ ಯಾರದೋ ಮೈಮೇಲಿದ್ದು, ಒಗೆಸಿಕೊಂಡು ಒಗೆಸಿಕೊಂಡು ಮೆತ್ತಗಾದ ನೂಲಿನ ಸುಖವೇ ಬೇರೆ.

ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಪಕ್ಕ ಒಬ್ಬಾಕೆ ಟಾರ್ಪಾಲು ಹಾಸಿ ಹಳೇ ಸ್ವೆಟರುಗಳನ್ನು ಗುಡ್ಡೆ ಹಾಕಿಕೊಂಡು ಕೂರುತ್ತಿದ್ದಳು. ಎಲ್ಲರೂ ಬಣ್ಣ ನೋಡಿ ಆರಿಸಿದರೆ ನಾನು ಸ್ವೆಟರನ್ನು ಒಳಮಗ್ಗುಲಾಗಿ ತಿರುಗಿಸಿ ಪಕ್ಕದ ಹೊಲಿಗೆ ನೋಡುತ್ತಿದ್ದೆ. ಕತ್ತರಿಸಿ ಮಷೀನಿನಲ್ಲಿ ಓವರ್‌ಲಾಕ್ ಹೊಲಿಗೆ ಹೊಡೆದಿದ್ದರೆ ಅದು ದಂಡ, ನೂಲು ತುಂಡು ತುಂಡಾಗಿ ಉದುರಿಹೋಗುತ್ತದೆ. ಅಳತೆಗೆ ತಕ್ಕಂತೆ ಹೆಣೆದು ಅಂಚಿಗೆ ಅಂಚು ಸೇರಿಸಿದ್ದರೆ, ಕೊರಳ ಹತ್ತಿರ ತುದಿಯೊಂದು ಸಿಕ್ಕರೆ ಸಾಕು, ಸರ್ರನೆ ಒಂದೇ ಎಳೆಯಾಗಿ ಬರುತ್ತದೆ. "ಲೇ ರತ್ನಾ, ಓದ ಜನ್ಮದಾಗೆ ನೀನು ಕೋಳಿ ಆಗಿದ್ದೆ ಕಣ್ಲೇ. ಗುಡ್ಡೆ ಕಂಡ್ರೆ ಕೆದಕೋದೇ ನಿನ್ ಕೆಲ್ಸ" ಎಂದು ನಮ್ಮ ಯಜಮಾನರು ರೇಗಿಸುತ್ತಿದ್ದರು.

ಸವಿತಾ ಬಂದ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಹುಟ್ಟುವುದು ಚಳಿಯಲ್ಲಿ, ಕೂಸಿಗೊಂದು ಸ್ವೆಟರ್ ಬೇಡವೇ? ಆದರೆ ನಮ್ಮತ್ತೆ ಗದರಿದರು. "ಕೂಸು ಉಟ್ಟೋಕೆ ಮುಂಚೆ ಬಟ್ಟೆ ಮಾಡಿ ಇಕ್ಕಬಾರ್ದು. ಉಟ್ಟಿದ ಮ್ಯಾಲೂ ಮೈಗೆ ಮೊದ್ಲು ತಗಲೋದು ಒಸದಾಗಿರಬಾರ್ದು. ಅಳೇದಾಗ್ಬೇಕು. ಅದೂ ಬಾಳಿ ಬದುಕಿದೋರು ತೊಟ್ಟಿದ್ದಾಗ್ಬೇಕು." ನಮ್ಮ ಕಡೆ ಇದು ನಡೆದುಕೊಂಡು ಬಂದ ಪದ್ಧತಿ. ಮಗುವನ್ನು ಸುತ್ತಲು ಅತ್ತೆ ಆಗಲೇ ತಮ್ಮ ಹಳೇ ಹತ್ತಿ ಸೀರೆಯನ್ನು ಹರಿದು ಒಗೆದಿಟ್ಟಿದ್ದರು.

ನಾನೂ ಸುಮ್ಮನೆ ಬಿಡುವವಳಲ್ಲ. "ಬಟ್ಟೆ ತಾನೆ ಮಾಡಿಡಬಾರ್ದು ಅತ್ತೆ? ನೂಲು ಇಟ್ಕೊಬೋದಲ್ಲ? ಉಟ್ಟಿದ ಮ್ಯಾಲೆ ಎಣೀತೀನಿ. ಅಳೇ ನೂಲೇ, ವಯಸ್ಸಾದೋರ್ದೇ ಉಡುಕಿ ತತ್ತೀನಿ" ಎಂದೆ. ಅತ್ತೆ ಯೋಚಿಸಿ ಯೋಚಿಸಿ, ನೂಲಿಗೆ ದೋಷವಿಲ್ಲ ಎಂದು ತೀರ್ಪು ಕೊಟ್ಟರು.

ಮಾರನೆಯ ದಿನವೇ ಬಂಗಾರಪೇಟೆಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ರಾಬರ್ಟ್‌ಸನ್‌ಪೇಟೆಗೆ ಹೋದೆ. ಗುಡ್ಡೆ ಕೆದಕಿದಾಗ ಗೋಧಿ ಬಣ್ಣದ ತುಂಬುತೋಳಿನ ಸ್ವೆಟರೊಂದು ಸಿಕ್ಕಿತು. ಕೈಯಲ್ಲಿ ಹೆಣೆದದ್ದು. ಮೊಣಕೈ ಹತ್ತಿರ ಸವೆದಿತ್ತು, ಮಿಕ್ಕಂತೆ ಬೆಣ್ಣೆಯ ಹಾಗಿತ್ತು. ನಾನು ಅದನ್ನು ಹಿಡಿದುಕೊಂಡು, "ಇದು ಯಾರ್ದಕ್ಕ?" ಎಂದು ಕೇಳಿದೆ.

ಅವಳು ನಕ್ಕಳು. "ಸ್ವೆಟರ್‌ಗೂ ಜಾತಕ ಕೇಳ್ತೀಯಾ ತಂಗಚ್ಚಿ?" ಅವಳು ತಮಿಳಿನವಳು. ಕನ್ನಡ ಮಾತಾಡುತ್ತಿದ್ದರೂ ನಡುನಡುವೆ ಅವಳ ಭಾಷೆ ಇಣುಕುತ್ತಿತ್ತು.

ಮಗಳ ಬಸುರಿನ ವಿಷಯ, ಅತ್ತೆಯ ಕಟ್ಟಳೆ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಹೇಳುವಾಗ ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಸ್ವೆಟರನ್ನು ಕೈಗೆ ತೆಗೆದುಕೊಂಡು ಕೊರಳಪಟ್ಟಿ ನೀವಿದಳು. "ಇದಾ? ಇದು ಒಂದು ತಾತಂದು. ಮರಿಮಕ್ಳನ್ನ ಎತ್ತಿ ಆಡ್ಸಿ, ಮಲಗಿದ್ದಲ್ಲೇ ನಿದ್ದೇಲಿ ಓದ್ರು. ತಗೊಂಡೋಗು. ನಿನ್ ಮೊಮ್ಮಗೂ ಅಂಗೇ ಬಾಳ್ತದೆ."

ನಾನು ಆ ಸ್ವೆಟರನ್ನು ಚೀಲಕ್ಕೂ ಹಾಕದೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ.

ಅವತ್ತಿನ ಮಧ್ಯಾಹ್ನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಜಗಲಿಯಲ್ಲಿ ಬಿಸಿಲು ಬಿದ್ದಿತ್ತು. ಸವಿತಾ ಕಂಬಕ್ಕೆ ಒರಗಿ ಕಾಲು ನೀಡಿ ಕೂತಿದ್ದಳು. ನಾನು ಕೊರಳ ಹತ್ತಿರ ತುದಿ ಹುಡುಕಿ ಎಳೆದೆ. ಬಿಚ್ಚಿದ ಉಲ್ಲನ್ ಬೇಯಿಸಿದ ಶ್ಯಾವಿಗೆಯ ಹಾಗೆ ಸುರುಳಿ ಸುರುಳಿಯಾಗಿರುತ್ತದೆ. ಅದನ್ನು ಮೊದಲು ಲಡಿ ಸುತ್ತಿ, ಒಗೆದು, ಭಾರ ಕಟ್ಟಿ ನೇತುಹಾಕಿದರೆ ನೆಟ್ಟಗಾಗುತ್ತದೆ. ಲಡಿ ಸುತ್ತಲು ಎದುರಿಗೆ ಒಬ್ಬರು ಎರಡೂ ಕೈ ಮುಂದೆ ಚಾಚಿ ಕೂರಬೇಕು.

"ಅಮ್ಮಾ, ಕೈ ನೋಯ್ತಾ ಐತೆ" ಎಂದು ಸವಿತಾ ರಾಗ ತೆಗೆದಳು.

"ನಾಳೆ ಕೂಸು ಎತ್ಕೊಳ್ಳೋಳು, ಇಷ್ಟಕ್ಕೇ ಕೈ ನೋವಾ? ಸುಮ್ನೆ ಇಡ್ಕೋ" ಎಂದು ಗದರಿದೆ.

ಚಾಚಿದ ಕೈಗಳ ನಡುವೆ ಅವಳ ಹೊಟ್ಟೆ ದುಂಡಗಿತ್ತು. ಮಗು ಒದೆದಾಗ ಲಡಿಯ ಕೆಳಗಿನ ಎಳೆಗಳು ಅಲುಗಿದವು. ಅದನ್ನು ನೋಡಿ ಅತ್ತೆ, "ಅಗೋ, ಅದ್ಕೂ ಅವಸರ, ನನ್ ಸ್ವೆಟರ್ ಎಲ್ಲಿ ಅಂತದೆ" ಎಂದರು. ನಾವು ಮೂರು ಜನ ಹೆಂಗಸರು ಎಷ್ಟು ನಕ್ಕೆವೆಂದರೆ ಕೊಟ್ಟಿಗೆಯಲ್ಲಿದ್ದ ನಮ್ಮ ಯಜಮಾನರು ಎದ್ದು ಬಂದು ಏನೆಂದು ಕೇಳಿದರು. ಲಡಿಗೆ ನೀರು ತುಂಬಿದ ಚೊಂಬು ಕಟ್ಟಿ ಸೀಬೆಮರಕ್ಕೆ ನೇತುಹಾಕಿದೆ. ಒಣಗಿದ ಮೇಲೆ ಉಂಡೆ ಸುತ್ತಿ ಟ್ರಂಕಿನಲ್ಲಿಟ್ಟೆ.

ದಿನ ತುಂಬುವ ಮುಂಚೆಯೇ ಸವಿತಾಳಿಗೆ ನೋವು ಬಂತು. ಕೋಲಾರದ ಆಸ್ಪತ್ರೆಗೆ ಓಡಿದೆವು. ಹೆಣ್ಣು ಮಗು. ಅಂಗೈಯಗಲದ ಬೆನ್ನು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಉಸಿರಿನ ಚೀಲ ಇನ್ನೂ ಬಲಿತಿಲ್ಲ ಅಂದರು. ಡಾಕ್ಟರು, ನರ್ಸುಗಳು ಮಾಡಬೇಕಾದ್ದನ್ನೆಲ್ಲ ಮಾಡಿದರು, ಯಾರನ್ನೂ ದೂರುವಂತಿಲ್ಲ. ಮಗು ಹುಟ್ಟಿತಲ್ಲ, ಇನ್ನು ಹೆಣೆದರೆ ದೋಷವಿಲ್ಲ ಎಂದು ನಾನು ಹೊರಗಿನ ಬೆಂಚಿನ ಮೇಲೆ ಕೂತು ಕಡ್ಡಿ ಹಿಡಿದೆ. ನನಗೆ ಬೇರೆ ಏನು ಮಾಡಲೂ ತೋಚುತ್ತಿರಲಿಲ್ಲ. ಹೆಣೆಯುತ್ತಿದ್ದರೆ ಮಗು ಹಾಕಿಕೊಳ್ಳಲು ಉಳಿದೇ ಉಳಿಯುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಬೆನ್ನು ಮುಗಿಯಿತು. ಎದೆ ಭಾಗವೂ ಅರ್ಧಕ್ಕೆ ಬಂತು. ಒಂದು ಬೆಳಿಗ್ಗೆ ಅಳಿಯಂದಿರು ಒಳಗಿಂದ ಬಂದು ನನ್ನ ಎದುರು ನಿಂತರು. ನಾನು ಸಾಲು ಮುಗಿಸದೆ ಹಾಗೇ ಚೀಲಕ್ಕೆ ತುರುಕಿದೆ.

ಅಂಥ ಎಳೆಗೂಸನ್ನು ನಮ್ಮಲ್ಲಿ ಸುಡುವುದಿಲ್ಲ. ಗಂಡಸರು ತೆಗೆದುಕೊಂಡು ಹೋಗಿ ನಮ್ಮ ಹೊಲದ ಬದುವಿನ ಹೊಂಗೆಮರದ ಕೆಳಗೆ ಮಣ್ಣು ಮಾಡಿದರು. ಹೆಸರಿಟ್ಟಿರಲಿಲ್ಲ. ಅತ್ತೆಯ ಸೀರೆಯ ತುಂಡಿನಲ್ಲೇ ಸುತ್ತಿದ್ದರು.

ಮಗು ಹೋದರೂ ಸವಿತಾಳ ಎದೆಗೆ ಹಾಲು ಬಂತು. ಕಟ್ಟಿಕೊಂಡು ಕಲ್ಲಿನ ಹಾಗಾಯಿತು. ಹಾಲು ಬತ್ತಲಿ ಎಂದು ಅತ್ತೆ ಮಲ್ಲಿಗೆ ಹೂವು ತರಿಸಿ ಬಟ್ಟೆಯಲ್ಲಿಟ್ಟು ಎದೆಗೆ ಕಟ್ಟಿದರು. ಮದುವೆ ಮನೆಯ ಹಾಗೆ ಮನೆಯೆಲ್ಲ ಘಮಘಮ. ಅವತ್ತಿನಿಂದ ನಾನು ಮಲ್ಲಿಗೆ ಮುಡಿದಿಲ್ಲ, ದೇವರಿಗೂ ಏರಿಸಿಲ್ಲ.

ಸವಿತಾ ಅಳಲಿಲ್ಲ. ಅದೇ ನನಗೆ ಭಯ. ಗೋಡೆ ನೋಡಿಕೊಂಡು ಮಲಗಿರುತ್ತಿದ್ದಳು. ಹೀಗಿರುವಾಗ ಒಂದು ದಿನ ಅತ್ತೆ ಅಡುಗೆಮನೆಯಲ್ಲಿ, ತಮ್ಮಷ್ಟಕ್ಕೆ ತಾವೇ ಎಂಬಂತೆ, "ಆ ನೂಲು ಯಾರ್ದೋ ಏನೋ. ಬಾಳಿ ಬದುಕಿದೋರ್ದು ಅಲ್ವೇನೋ" ಎಂದುಬಿಟ್ಟರು. ಅವರದು ಕೆಟ್ಟ ಮನಸ್ಸಲ್ಲ. ಮುದಿ ಜೀವಕ್ಕೆ ಮರಿಮಗುವನ್ನು ಕಳೆದುಕೊಂಡ ಸಂಕಟ, ಎಲ್ಲಾದರೂ ಒಂದು ಕಾರಣ ಹುಡುಕಬೇಕಿತ್ತು. ಆದರೆ ಅದು ಒಳಗೆ ಮಲಗಿದ್ದವಳ ಕಿವಿಗೆ ಬಿತ್ತು.

ಸಂಜೆ ನಾನು ಗಂಜಿ ತೆಗೆದುಕೊಂಡು ಹೋದಾಗ ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕೇಳಿದಳು. "ಅಮ್ಮಾ, ಆ ತಾತ ನಿಜವಾಗ್ಲೂ ಇದ್ರಾ?"

"ಇದ್ರು ಕಣಮ್ಮ. ಆಯಮ್ಮನೇ ಯೋಳಿದ್ಲಲ್ಲ."

"ಕೈ ಚಾಚಿದ್ದು ನಾನೇ ಅಲ್ವಾ? ಒಟ್ಟೇಲಿ ಕೂಸು ಇಟ್ಕೊಂಡು ಯಾರೋ ಅರ್ಧ ಆಯುಸ್ಸಿಗೆ ಸತ್ತೋರ ನೂಲು ಸುತ್ತಿಸ್ಕೊಂಡೆ. ನಗ್ತಾ ಬೇರೆ ಇದ್ದೆ."

ಆಮೇಲೆ ಅವಳು ಊಟವನ್ನೇ ಬಿಟ್ಟಳು. ಬಲವಂತ ಮಾಡಿದರೆ ಒಂದು ತುತ್ತು, ಅದೂ ವಾಂತಿ. ಮೊಮ್ಮಗಳು ಹೋದಳು, ಇನ್ನು ಮಗಳೂ ಕೈಬಿಟ್ಟು ಹೋಗುತ್ತಾಳೆ ಅನ್ನಿಸಿತು. ಆ ತಾತನ ಊರು ಕೇರಿ ಹೆಸರು ತಿಳಿದುಕೊಂಡು ಬಂದು ಇವಳ ಮುಂದೆ ಇಡಬೇಕು, ಅದೊಂದೇ ದಾರಿ ಎಂದು ಬಸ್ಸು ಹತ್ತಿದೆ.

ಸ್ವೆಟರಿನವಳು ಅದೇ ಜಾಗದಲ್ಲಿ ಕೂತಿದ್ದಳು. ನನ್ನನ್ನು ಕಂಡವಳೇ ನಗುತ್ತಾ, "ಏನು ತಂಗಚ್ಚಿ, ಪಾಪ್ಪಾ ಚೆನ್ನಾಗೈತಾ?" ಎಂದಳು.

ನಾನು ಹೇಳಿದೆ. ಅವಳು ಕೈಯಲ್ಲಿದ್ದ ಸ್ವೆಟರನ್ನು ಕೆಳಗಿಟ್ಟಳು. ತಲೆ ತಗ್ಗಿಸಿ ಟಾರ್ಪಾಲಿನ ಅಂಚು ಮಡಿಸತೊಡಗಿದಳು.

"ಆ ತಾತ ಯಾವ ಊರೋರು ಯೋಳಕ್ಕ. ನನ್ ಮಗಳಿಗೆ ಯೋಳ್ಬೇಕು."

"ತಾತ ಇಲ್ಲ ತಂಗಚ್ಚಿ. ನಂಗೆ ಗೊತ್ತಿಲ್ಲ. ಮೂಟೆ ಬತ್ತದೆ, ಬಿಚ್ಚಿ ಸುರೀತೀನಿ. ಯಾರ್ದೋ ಏನೋ. ನಿನ್ ಮುಖ ಅಷ್ಟು ಸಂತೋಷವಾಗಿತ್ತು, ಅದಕ್ಕೆ ಅಂಗಂದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಮಾರ್ಕೆಟ್ಟಿನ ಜನ ತಿರುಗಿ ನೋಡುವ ಹಾಗೆ ಬೈದೆ. ನಿನ್ನ ವ್ಯಾಪಾರಕ್ಕೆ ನನ್ನ ಮನೆ ಹಾಳು ಮಾಡಿದೆ ಎಂದೆ. ನಾನು ಬೈದು ಬೈದು ಸುಸ್ತಾಗಿ ಅಲ್ಲೇ ಕುಸಿದು ಅಳುವಾಗ ಅವಳು ಎದ್ದಳು. ಮಧ್ಯಾಹ್ನದ ವ್ಯಾಪಾರದ ಹೊತ್ತು, ಆದರೂ ಗುಡ್ಡೆಯನ್ನೆಲ್ಲ ಟಾರ್ಪಾಲಿನಲ್ಲಿ ಗಂಟು ಕಟ್ಟಿ ಪಕ್ಕದ ಹೂವಿನವಳಿಗೆ ಒಪ್ಪಿಸಿದಳು. "ನಡಿ, ನಾನೂ ಬತ್ತೀನಿ. ನಿನ್ ಮಗಳನ್ನ ನೋಡ್ಬೇಕು" ಎಂದಳು.

ಬಸ್ಸಿನಲ್ಲಿ ಮೊದಲ ಸಲ ಅವಳ ಹೆಸರು ಕೇಳಿದೆ. ಅಂಜಲೈ. ಮೈಸೂರು ಮೈನ್ಸ್ ಹತ್ತಿರ, ಚಿನ್ನದ ಗಣಿಯವರು ಕೆಲಸಗಾರರಿಗೆ ಕಟ್ಟಿಸಿದ ಲೈನ್ ಮನೆಯಲ್ಲಿ ವಾಸ. ಗಂಡ ಗಣಿಯಲ್ಲಿದ್ದವನು, ಈಗಿಲ್ಲ. ಬಂಗಾರಪೇಟೆ ದಾಟಿದ ಮೇಲೆ ನಾನು ಅವಳ ಕೈ ಹಿಡಿದು ಬೇಡಿಕೊಂಡೆ. "ಅಕ್ಕ, ನನ್ ಮಗಳ ಮುಂದೆ ಮಾತ್ರ ಅದು ನಿಮ್ ಮಾವಂದು ಅಂತ ಯೋಳ್ಬಿಡು. ತುಂಬು ಆಯುಸ್ಸು ಬಾಳಿದ್ರು ಅಂತ ಯೋಳು. ನಿನ್ ಕಾಲಿಗೆ ಬೀಳ್ತೀನಿ."

"ಒಂದ್ ಸುಳ್ಳು ಯೋಳಿದ್ದೇ ಸಾಕು ತಂಗಚ್ಚಿ" ಎಂದು ಅವಳು ಕಿಟಕಿಯ ಕಡೆ ತಿರುಗಿಬಿಟ್ಟಳು. ಇವಳನ್ನು ಯಾಕಾದರೂ ಕರೆದುಕೊಂಡು ಬಂದೆನೋ ಎಂದು ದಾರಿಯುದ್ದಕ್ಕೂ ಪೇಚಾಡಿದೆ.

ಮನೆಗೆ ಬಂದವಳು ಕುರ್ಚಿ ಕೊಟ್ಟರೂ ಕೂರಲಿಲ್ಲ. ನೇರವಾಗಿ ಹೋಗಿ ಸವಿತಾಳ ಚಾಪೆಯ ಪಕ್ಕ ನೆಲದ ಮೇಲೆ ಕೂತಳು. "ಕಣ್ಣೇ, ಸ್ವೆಟರ್ ಮಾರೋಳು ನಾನೇ. ಅದು ಯಾರ್ದಂತ ನಂಗೆ ಗೊತ್ತಿಲ್ಲ. ತಾತಂದು ಅಂತ ಸುಮ್ನೆ ಯೋಳಿದ್ದು."

ಸವಿತಾ ಗೋಡೆಯ ಕಡೆ ತಿರುಗಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎಲ್ಲಾ ಮುಗಿಯಿತು ಅಂದುಕೊಂಡೆ ನಾನು.

"ಇನ್ನೊಂದ್ ಮಾತೈತೆ, ಅದ್ನೂ ಕೇಳ್ಬಿಡು" ಎಂದಳು ಅಂಜಲೈ. "ಮೈನ್ಸ್ ಮುಚ್ಚಿದ ವರ್ಸ ನಂಗೆ ಅವಳಿ ಮಕ್ಳು ಉಟ್ಟಿದ್ವು. ಒಂದು ಎಣ್ಣು, ಒಂದು ಗಂಡು. ಚಳಿಗೆ ಏನೂ ಇರ್ಲಿಲ್ಲ. ಯಾರೋ ಕೊಟ್ಟ ಅಳೇ ಸ್ವೆಟರ್ ಒಂದನ್ನ ಬಿಚ್ಚಿ ಇಬ್ಬರ್ಗೂ ಟೋಪಿ ಎಣೆದೆ. ಒಂದೇ ಸ್ವೆಟರ್. ಅರ್ಧ ನೂಲು ಅವಳಿಗೆ, ಅರ್ಧ ನೂಲು ಅವನಿಗೆ. ಅವನು ಮಾರ್ಗಳಿ ತಿಂಗಳ ಚಳೀಲಿ ಓಗ್ಬಿಟ್ಟ. ಅವಳು ಬಂಗಾರಪೇಟೆಲಿ ಸಂಸಾರ ಮಾಡ್ತಾ ಅವಳೆ, ಸೊಂಟದ ಮ್ಯಾಲೆ ಮಗು ಐತೆ. ಈಗ ನೀನೇ ಯೋಳು, ಆ ನೂಲು ಒಳ್ಳೇದಾ, ಕೆಟ್ಟದ್ದಾ?"

ಹೊರಗೆ ಹಸು ಕೂಗುತ್ತಿತ್ತು, ಹಾಲು ಕರೆಯುವ ಹೊತ್ತಾಗಿತ್ತು. ಸವಿತಾ ನಿಧಾನವಾಗಿ ಈ ಕಡೆ ತಿರುಗಿದಳು. "ನಿಮ್ಗೆ ಯಾರಾದ್ರೂ ಏನಾದ್ರೂ ಅಂದ್ರಾ ಆವಾಗ?" ಎಂದು ಕೇಳಿದಳು.

"ಅನ್ನದೆ ಇರ್ತಾರಾ? ನನ್ ಕೈ ಸರಿಯಿಲ್ಲ ಅಂದ್ರು. ನಾನೂ ನಂಬಿದ್ದೆ, ಬಾಳ ದಿನ." ಅಂಜಲೈ ಅವಳ ಕೆದರಿದ ಕೂದಲನ್ನು ಹಿಂದಕ್ಕೆ ಸರಿಸಿದಳು. "ಅರ್ಧ ಎಣೆದಿದ್ದು ಎಲ್ಲೈತೆ? ಕಡ್ಡೀಲಿ ಅಂಗೇ ಬಿಡಬಾರ್ದು. ಬಿಚ್ಚಿ ಬಿಡಾಣ."

ನಾನು ಅದನ್ನು ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದೆ. ತರಲು ಎದ್ದೆ. ಅಷ್ಟರಲ್ಲಿ ಸವಿತಾ ತನ್ನ ದಿಂಬಿನ ಕೆಳಗೆ ಕೈ ಹಾಕಿ, ಕಡ್ಡಿಗಳ ಸಮೇತ ಆ ಪುಟ್ಟ ಹೆಣಿಗೆಯನ್ನು ತೆಗೆದಳು. ಯಾವಾಗ ತೆಗೆದಿಟ್ಟುಕೊಂಡಿದ್ದಳೋ, ಎಷ್ಟು ದಿನ ಅದರ ಮೇಲೆ ತಲೆಯಿಟ್ಟು ಮಲಗಿದ್ದಳೋ, ಹೆತ್ತವಳಾದ ನನಗೆ ಗೊತ್ತೇ ಆಗಿರಲಿಲ್ಲ.

ಅಂಜಲೈ ಕಡ್ಡಿ ಎಳೆದು ಪಕ್ಕಕ್ಕಿಟ್ಟಳು. ತುದಿ ಹಿಡಿದು, "ಕೈ ಕೊಡು ಕಣ್ಣೇ" ಎಂದಳು. ಸವಿತಾ ಎದ್ದು ಕೂತು ಎರಡೂ ಕೈ ಮುಂದೆ ಚಾಚಿದಳು. ಮಗುವನ್ನು ಎತ್ತಿಕೊಳ್ಳಲು ಚಾಚುವ ಹಾಗೆಯೇ. ಈ ಸಲ ಆ ಕೈಗಳ ನಡುವೆ ಏನೂ ಇರಲಿಲ್ಲ. ಅಂಜಲೈ ಎಳೆದು ಎಳೆದು ಸುತ್ತಿದಳು. ಎದೆ ಭಾಗ ಬಿಚ್ಚಿತು, ಬೆನ್ನು ಬಿಚ್ಚಿತು. ಆಸ್ಪತ್ರೆಯ ಬೆಂಚಿನ ಮೇಲೆ ಹಗಲೆಲ್ಲ ಕೂತು ಹೆಣೆದದ್ದು, ನಾವು ನೋಡುನೋಡುತ್ತಿದ್ದಂತೆ ಮುಗಿದುಹೋಯಿತು. ಸವಿತಾಳ ಕೈಗಳ ಮೇಲೆ ತೆಳ್ಳಗೆ ಒಂದು ಲಡಿ, ಅಷ್ಟೇ.

ಅವಳು ಅದನ್ನೇ ನೋಡಿದಳು. "ಇಷ್ಟೇನಾ ಅಮ್ಮಾ?" ಎಂದಳು. "ಇಷ್ಟೇನಾ?"

ಆಮೇಲೆ ಅತ್ತಳು. ಮಗು ಹೋದ ಮೇಲೆ ಮೊದಲ ಸಲ. ಕೈಯಲ್ಲಿದ್ದ ಲಡಿ ಜಾರದ ಹಾಗೆ ಚಾಚಿದ ಕೈ ಚಾಚಿಕೊಂಡೇ, ಬಾಯಿ ಬಿಟ್ಟು, ಊರಿಗೇ ಕೇಳುವ ಹಾಗೆ ಅತ್ತಳು. ಅತ್ತೆ ಬಂದು ಹಿಂದಿನಿಂದ ಅವಳನ್ನು ತಬ್ಬಿಕೊಂಡು, "ನನ್ ಬಾಯಿ ಬಿದ್ದೋಗಾ, ನಂದೇ ತಪ್ಪು ಕಣವ್ವ, ನಾನಂಗೆ ಅನ್ಬಾರ್ದಿತ್ತು" ಎಂದು ಅತ್ತರು. ಅಂಜಲೈ ಸುಮ್ಮನಿರು ಅನ್ನಲಿಲ್ಲ. ಲಡಿಯನ್ನು ನಿಧಾನವಾಗಿ ಕೈಯಿಂದ ತೆಗೆದು, ನಾಲ್ಕು ಕಡೆ ಗಂಟು ಹಾಕಿ, ಅವಳ ಮಡಿಲಲ್ಲಿಟ್ಟಳು.

ಆ ಸಂಜೆ ಸವಿತಾ ಒಂದು ಬಟ್ಟಲು ರಾಗಿ ಗಂಜಿ ಕುಡಿದಳು. ಕಡೆಯ ಬಸ್ಸಿಗೆ ಅಂಜಲೈಯನ್ನು ಹತ್ತಿಸಲು ಹೋದಾಗ ನಾನು ಮಾರ್ಕೆಟ್ಟಿನಲ್ಲಿ ಬೈದದ್ದಕ್ಕೆ ಏನೋ ಹೇಳಲು ಹೋದೆ. ಅವಳು, "ಬುಡು ತಂಗಚ್ಚಿ, ನಾನೂ ಆವಾಗ ಯಾರನ್ನಾದ್ರೂ ಬೈಬೇಕು ಅಂತಿದ್ದೆ, ಯಾರೂ ಸಿಕ್ಲಿಲ್ಲ" ಎಂದು ಬಸ್ಸು ಹತ್ತಿದಳು.

ಸವಿತಾ ಗಂಡನ ಮನೆಗೆ ಹೋಗುವಾಗ ಆ ನೂಲನ್ನು ಉಂಡೆ ಸುತ್ತಿ ತೆಗೆದುಕೊಂಡು ಹೋದಳು. ಅದರಲ್ಲಿ ಇನ್ನೂ ಏನೂ ಹೆಣೆದಿಲ್ಲ. ಬಿಸಾಕಿಯೂ ಇಲ್ಲ. ನಾನು ಕೇಳುವುದಿಲ್ಲ.

ನಾನು ಈಗಲೂ ಅಂಜಲೈ ಹತ್ತಿರವೇ ಸ್ವೆಟರ್ ತರುತ್ತೇನೆ. ಹೋದ ಚಳಿಗಾಲದಲ್ಲಿ ನಾನು ಗುಡ್ಡೆ ಕೆದಕುತ್ತಾ ಕೂತಿದ್ದಾಗ ನನ್ನ ವಯಸ್ಸಿನ ಹೆಂಗಸೊಬ್ಬಳು ಬಂದಳು. ಹಸಿರು ಬಣ್ಣದ್ದೊಂದು ಆರಿಸಿ, ನಾಚಿಕೊಂಡು, "ಇದು ಯಾರ್ದಮ್ಮಾ? ಮಗಳು ಎಂಟು ತಿಂಗಳ ಬಸುರಿ. ವಯಸ್ಸಾದೋರ್ದಾದ್ರೆ ತಗೊಂಡೋಗ್ತೀನಿ" ಎಂದಳು.

ಅಂಜಲೈ ನನ್ನ ಮುಖ ನೋಡಿದಳು. "ಗೊತ್ತಿಲ್ಲಮ್ಮ. ಮೂಟೇಲಿ ಬಂದಿದ್ದು" ಎಂದಳು. ಆ ಹೆಂಗಸಿನ ಮುಖ ಬಾಡಿಹೋಯಿತು. ಸ್ವೆಟರನ್ನು ಮಡಿಸಿ ವಾಪಸು ಗುಡ್ಡೆಯ ಮೇಲಿಟ್ಟಳು.

ಆಗ ನನ್ನ ಬಾಯಿಂದ ಬಂತು. "ಅದು ನಂಗೆ ಗೊತ್ತು ಕಣಮ್ಮ. ನಮ್ಮೂರ ತಾತಂದು. ಬಾಳಿ ಬದುಕಿದೋರು. ತಗೊಂಡೋಗು."

ಯಾಕೆ ಹಾಗೆ ಹೇಳಿದೆನೋ. ಸರಿಯೋ ತಪ್ಪೋ ಇವತ್ತಿಗೂ ಗೊತ್ತಾಗಿಲ್ಲ. ಅವಳೂ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಲಿ, ಜಗಲಿಯ ಬಿಸಿಲಿನಲ್ಲಿ ಮಗಳ ಎದುರು ಕೂರಲಿ, ಮಗಳು ಕೈ ನೋಯುತ್ತದೆ ಅನ್ನಲಿ, ಇವಳು ಗದರಲಿ ಅನ್ನಿಸಿತು. ಆಮೇಲಿನದು ಯಾರ ಕೈಯಲ್ಲೂ ಇಲ್ಲ. ಆದರೆ ಅಂಥದೊಂದು ಮಧ್ಯಾಹ್ನ ನಮಗೂ ಇತ್ತು. ಅಂಜಲೈ ತಲೆ ಎತ್ತಲಿಲ್ಲ. ಆ ಹಸಿರು ಸ್ವೆಟರನ್ನು ಒಳಮಗ್ಗುಲಾಗಿ ತಿರುಗಿಸಿ, ಹೊಲಿಗೆ ಸರಿಯಾಗಿದೆಯಾ ಎಂದು ನೋಡಿ, ಅವಳ ಕೈಗಿಟ್ಟಳು.